ತೊಗರಿ ರಾಶಿ, ಹಾಜರಿ ಪುಸ್ತಕ, 200 ಮಕ್ಕಳು: ಪರಿಮಾಣಾತ್ಮಕ ಸಂಶೋಧನೆ ಶುರು ಮಾಡುವವರಿಗೆ

ಕಿರುಪ್ರಬಂಧದ ಸೆಮಿಸ್ಟರ್ ಬಂತೆಂದರೆ ಎಂ.ಎ., ಎಂಎಸ್‌ಡಬ್ಲ್ಯೂ, ಬಿ.ಎಡ್. ವಿದ್ಯಾರ್ಥಿಗಳ ಬಾಯಲ್ಲಿ ಎರಡೇ ಪ್ರಶ್ನೆ. ‘ಎಷ್ಟ್ ಮಂದಿ ಸ್ಯಾಂಪಲ್ ತಗೋಬೇಕ್ರಿ ಸರ?’ ಅದಾದ ಮೇಲೆ, ‘ಎಸ್‌ಪಿಎಸ್‌ಎಸ್ ಯಾರ ಕಡಿಂದ ಮಾಡಿಸ್ಲಿರಿ?’ (ಎಸ್‌ಪಿಎಸ್‌ಎಸ್ ಎಂದರೆ ಅಂಕಿಅಂಶ ಲೆಕ್ಕ ಹಾಕುವ ಸಾಫ್ಟ್‌ವೇರ್.) ಎರಡೂ ಕೇಳಬೇಕಾದ ಪ್ರಶ್ನೆಗಳೇ, ಆದರೆ ಅವುಗಳ ಪಾಳಿ ಬರುವುದು ಬಹಳ ತಡವಾಗಿ. ಏನನ್ನು ಎಣಿಸುತ್ತೇವೆ, ಯಾವುದನ್ನು ‘ಒಂದು’ ಎಂದು ಹಿಡಿಯುತ್ತೇವೆ, ಎಣಿಕೆಯಿಂದ ಹೊರಗೆ ಉಳಿಯುವವರು ಯಾರು? ಇಷ್ಟು ಇತ್ಯರ್ಥವಾಗದೆ ಊರಿಗೆ ಹೋದರೆ ಯಾವ ಸಾಫ್ಟ್‌ವೇರೂ ಕೈಹಿಡಿಯುವುದಿಲ್ಲ. ಕೆಟ್ಟ ಪ್ರಬಂಧಗಳು ಕೆಡುವುದು ಕಂಪ್ಯೂಟರ್ ಮುಂದೆ ಕೂತಾಗ ಅಲ್ಲ, ಅದಕ್ಕೆ ಎರಡು ತಿಂಗಳು ಮೊದಲು.

ಪರಿಮಾಣಾತ್ಮಕ ಸಂಶೋಧನೆ ಎಂದರೆ ಎಣಿಸಿ, ಅಳೆದು ಉತ್ತರ ಹುಡುಕುವುದು. ಬರೀ ಇಂಥ ವ್ಯಾಖ್ಯೆ ಬರೆದರೆ ತಲೆಗೆ ಹೋಗುವುದಿಲ್ಲ. ಹಾಗಾಗಿ ಒಂದೇ ಉದಾಹರಣೆ ಹಿಡಿದು ಕೊನೆತನಕ ಹೋಗೋಣ. ನಮ್ಮ ಕಡೆ (ಬೀದರ್, ಕಲಬುರಗಿ, ಯಾದಗಿರಿ) ಎಲ್ಲರಿಗೂ ಗೊತ್ತಿರುವ ವಿಷಯ: ತೊಗರಿ ಕೊಯ್ಲು, ರಾಶಿ ಬಂದಾಗ ಮಕ್ಕಳು ಶಾಲೆ ಬಿಡುತ್ತಾರೆ ಎಂಬ ಮಾತು. ಇದರಲ್ಲಿ ಬರುವ ಶಾಲೆ, ಮಕ್ಕಳ ಸಂಖ್ಯೆಗಳು ಲೆಕ್ಕ ತೋರಿಸಲು ಹಾಕಿಕೊಂಡವು. ಯಾವ ಸಮೀಕ್ಷೆಯ ಫಲಿತಾಂಶವೂ ಅಲ್ಲ.

ವಿಷಯ ಬೇರೆ, ಪ್ರಶ್ನೆ ಬೇರೆ

‘ಕಲ್ಯಾಣ ಕರ್ನಾಟಕದಲ್ಲಿ ಶಿಕ್ಷಣದ ಸಮಸ್ಯೆಗಳು: ಒಂದು ಅಧ್ಯಯನ’ ಎಂಬ ಶೀರ್ಷಿಕೆ ಇಟ್ಟುಕೊಂಡು ಎಣಿಕೆಗೆ ಇಳಿಯಲು ಆಗುವುದಿಲ್ಲ. ಅದನ್ನು ಹೀಗೆ ಕಡಿದು ಇಳಿಸಬೇಕು: ‘ಡಿಸೆಂಬರ್–ಜನವರಿಯಲ್ಲಿ, ಸೇಡಂ ತಾಲೂಕಿನ ಸರ್ಕಾರಿ ಪ್ರೌಢಶಾಲೆಗಳ 8 ಮತ್ತು 9ನೇ ತರಗತಿ ಮಕ್ಕಳಲ್ಲಿ, ತೊಗರಿ ಕೆಲಸ ಮಾಡುವ ಮನೆಯವರು ಉಳಿದವರಿಗಿಂತ ಹೆಚ್ಚು ದಿನ ಶಾಲೆ ತಪ್ಪಿಸುತ್ತಾರೆಯೇ?’ ಯಾರು, ಎಲ್ಲಿ, ಯಾವಾಗ, ಏನು, ಯಾರ ಜೊತೆ ಹೋಲಿಕೆ ಎಂಬ ಐದೂ ಇದರಲ್ಲಿವೆ. 10ನೇ ತರಗತಿ ಯಾಕೆ ಬಿಟ್ಟದ್ದು? ಎಸ್ಸೆಸ್ಸೆಲ್ಸಿ ಎದುರಿಗೆ ಇರುವುದರಿಂದ ವಿಶೇಷ ತರಗತಿ, ಪೂರ್ವಸಿದ್ಧತಾ ಪರೀಕ್ಷೆ ಎಂದು ಆ ಮಕ್ಕಳ ಹಾಜರಿಯ ಲಯವೇ ಬೇರೆ. ಸೇರಿಸಿಕೊಂಡರೆ ರಾಶಿಯ ಪರಿಣಾಮವೂ ಪರೀಕ್ಷೆಯ ಪರಿಣಾಮವೂ ಕಲಸಿಹೋಗುತ್ತವೆ.

ಒಬ್ಬರಿಂದ ಒಬ್ಬರಿಗೆ ಬದಲಾಗುವ ಸಂಗತಿಗೆ ಚಲಕ ಎನ್ನುತ್ತಾರೆ. ಇಲ್ಲಿ ಮನೆಯ ತೊಗರಿ ಕೆಲಸ ಸ್ವತಂತ್ರ ಚಲಕ (ಕಾರಣವಿರಬಹುದಾದದ್ದು), ತಪ್ಪಿಸಿದ ದಿನಗಳು ಅವಲಂಬಿತ ಚಲಕ (ಪರಿಣಾಮವಿರಬಹುದಾದದ್ದು). ‘ಎರಡು ಗುಂಪಿನ ನಡುವೆ ವ್ಯತ್ಯಾಸವಿಲ್ಲ’ ಎನ್ನುವುದು ಶೂನ್ಯ ಪ್ರಾಕ್ಕಲ್ಪನೆ. ಪ್ರಾಕ್ಕಲ್ಪನೆ ಎಂದರೆ ಪರೀಕ್ಷಿಸಲು ಮೊದಲೇ ಇಟ್ಟುಕೊಂಡ ಊಹೆ. ಪ್ರಾಕ್ಕಲ್ಪನೆಯನ್ನು ಅಂಕಿ ಸಂಗ್ರಹಿಸುವ ಮೊದಲೇ ಬರೆದು, ದಿನಾಂಕ ಹಾಕಿ, ಮಾರ್ಗದರ್ಶಕರ ಸಹಿ ತೆಗೆದುಕೊಳ್ಳಿ. ಅಂಕಿ ನೋಡಿದ ಮೇಲೆ ಪ್ರಾಕ್ಕಲ್ಪನೆ ಬರೆಯುವುದೆಂದರೆ ಗೋಡೆಗೆ ಬಾಣ ಹೊಡೆದು ಆಮೇಲೆ ಅದರ ಸುತ್ತ ಗುರಿ ಬರೆದ ಹಾಗೆ. ಎಷ್ಟೋ ಪ್ರಬಂಧಗಳಲ್ಲಿ ಹತ್ತಕ್ಕೆ ಹತ್ತು ಪ್ರಾಕ್ಕಲ್ಪನೆಗಳೂ ‘ಸಾಬೀತಾಗುವ’ ಗುಟ್ಟು ಇದೇ.

‘ಒಂದು’ ಎಂದರೆ ಯಾವುದು

ಎಲ್ಲಕ್ಕಿಂತ ಹೆಚ್ಚು ಹೊತ್ತು ಬೇಡುವ ಹಂತ ಇದು. ಪಠ್ಯಪುಸ್ತಕದಲ್ಲಿ ಇದಕ್ಕೆ ಕಾರ್ಯಾತ್ಮಕ ವ್ಯಾಖ್ಯೆ ಎನ್ನುತ್ತಾರೆ. ಮನಸ್ಸಿನಲ್ಲಿರುವ ಪರಿಕಲ್ಪನೆಯನ್ನು ಕಣ್ಣಿಗೆ ಕಾಣುವ, ಎಣಿಸಲು ಬರುವ ವಸ್ತುವಾಗಿ ಇಳಿಸುವುದು.

ಇದಕ್ಕೆ ನಮ್ಮ ಭಾಗದ್ದೇ ದೊಡ್ಡ ಉದಾಹರಣೆ ಇದೆ. ‘ಹಿಂದುಳಿದ ತಾಲೂಕು’ ಎಂದು ಭಾಷಣದಲ್ಲಿ ಯಾರು ಬೇಕಾದರೂ ಹೇಳಬಹುದು. 2002ರಲ್ಲಿ ವರದಿ ಕೊಟ್ಟ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಅದನ್ನು 35 ಸೂಚಕಗಳಾಗಿ ಒಡೆದು, ಒಟ್ಟುಗೂಡಿಸಿ, ರಾಜ್ಯದ ಸರಾಸರಿಯನ್ನು 1 ಎಂದು ಇಟ್ಟುಕೊಂಡು ಸೂಚ್ಯಂಕ ಕಟ್ಟಿತು. 1ಕ್ಕಿಂತ ಕಡಿಮೆ ಬಂದದ್ದು ಹಿಂದುಳಿದದ್ದು. ಆಗಿನ 175 ತಾಲೂಕುಗಳಲ್ಲಿ 114 ಹಿಂದುಳಿದವು ಎಂದು ಬಂತು, ಅದರಲ್ಲಿ 39 ಅತ್ಯಂತ ಹಿಂದುಳಿದವು, ಆ 39ರಲ್ಲಿ 21 ಗುಲಬರ್ಗಾ ವಿಭಾಗದವು. ಸೂಚಕಗಳ ಆಯ್ಕೆಯ ಬಗ್ಗೆ ತಕರಾರು ಎತ್ತಬಹುದು. ಎತ್ತಲು ಆಗುವುದೇ ಅದರ ಗುಣ: ಏನನ್ನು ಎಣಿಸಿದ್ದಾರೆ ಎಂಬುದು ಬಯಲಲ್ಲಿದೆ.

ಈಗ ನಮ್ಮ ಉದಾಹರಣೆಗೆ ಬರೋಣ. ‘ತೊಗರಿ ಕೆಲಸ ಮಾಡುವ ಮನೆ’ ಎಂದರೆ ಯಾವುದು? ಪಹಣಿ ನೋಡಿ ತೀರ್ಮಾನಿಸಿದರೆ ಎಡವುತ್ತೀರಿ. ಹೊಲ ಇನ್ನೂ ಅಜ್ಜನ ಹೆಸರಿನಲ್ಲೇ ಇರುತ್ತದೆ, ಉಳುವವರು ಮೂವರು ಮೊಮ್ಮಕ್ಕಳು. ಕೆಲವರು ಲಾವಣಿಗೆ (ಗೇಣಿಗೆ) ಹಿಡಿದಿರುತ್ತಾರೆ, ಕೆಲವರು ಪಾಲಿಗೆ ಮಾಡುತ್ತಾರೆ. ಅದಕ್ಕಿಂತ ಮುಖ್ಯವಾಗಿ, ಒಂದು ಗುಂಟೆಯೂ ಇಲ್ಲದ ಕೂಲಿಯವರ ಮಕ್ಕಳೇ ಕೊಯ್ಲಿಗೆ ಹೋಗುವುದು ಹೆಚ್ಚಿರಬಹುದು. ಹೊಲ ಇದ್ದವರು, ಇಲ್ಲದವರು ಎಂದು ಗುಂಪು ಮಾಡಿದಿರೋ, ಆ ಕೂಲಿ ಮಕ್ಕಳು ‘ಉಳಿದವರ’ ಗುಂಪಿಗೆ ಬೀಳುತ್ತಾರೆ, ಇದ್ದ ವ್ಯತ್ಯಾಸವೂ ಮಾಯವಾಗುತ್ತದೆ. ಆದ್ದರಿಂದ ವ್ಯಾಖ್ಯೆ ಹೀಗಿರಲಿ: ‘ಈ ಡಿಸೆಂಬರ್–ಜನವರಿಯಲ್ಲಿ ಮನೆಯ ಯಾರಾದರೂ ಸ್ವಂತ, ಲಾವಣಿ, ಪಾಲು ಅಥವಾ ಕೂಲಿ ಲೆಕ್ಕದಲ್ಲಿ ಒಟ್ಟು 10 ದಿನಕ್ಕೆ ಕಡಿಮೆಯಿಲ್ಲದಂತೆ ತೊಗರಿ ಕೊಯ್ಲು ಅಥವಾ ರಾಶಿ ಕೆಲಸ ಮಾಡಿದ್ದರೆ 1, ಇಲ್ಲದಿದ್ದರೆ 0.’ 10 ದಿನ ಯಾಕೆ, 7 ಯಾಕಲ್ಲ ಎಂದು ಮೌಖಿಕ ಪರೀಕ್ಷೆಯಲ್ಲಿ ಕೇಳುತ್ತಾರೆ. ಉತ್ತರವನ್ನು ಪೂರ್ವಪರೀಕ್ಷೆಯ (ಪ್ರಶ್ನೆಗಳನ್ನು ಮೊದಲು ಕೆಲವೇ ಮನೆಗಳಲ್ಲಿ ಕೇಳಿ ನೋಡುವುದು) ಅನುಭವದಿಂದ ಕೊಡಲು ತಯಾರಿರಿ.

‘ಶಾಲೆ ತಪ್ಪಿಸುವುದು’ ಕೂಡ ಅಷ್ಟು ಸಲೀಸಲ್ಲ. ಬೆಳಿಗ್ಗೆ, ಮಧ್ಯಾಹ್ನ ಎರಡು ಸಲ ಹಾಜರಿ ಹಾಕುವ ಕಡೆ ಅರ್ಧ ದಿನವನ್ನು 0.5 ಎಂದು ಹಿಡಿಯುತ್ತೀರೋ ಇಲ್ಲವೋ ಮೊದಲೇ ಬರೆದಿಡಿ. ಒಂದೊಂದು ಊರಿನ ಜಾತ್ರೆ, ಸ್ಥಳೀಯ ರಜೆ ಬೇರೆಯಾದ್ದರಿಂದ ಎರಡು ತಿಂಗಳಲ್ಲಿ ಶಾಲೆ ನಡೆದ ದಿನಗಳೂ ಬೇರೆ. ಒಂದು ಕಡೆ 46, ಇನ್ನೊಂದು ಕಡೆ 43 ಇದ್ದರೆ ದಿನಗಳ ಬದಲು ಶೇಕಡಾವಾರು ತೆಗೆಯಬೇಕು. ಇನ್ನು ಹಾಜರಿ ಪುಸ್ತಕವನ್ನೇ ದೇವರ ವಾಕ್ಯವೆಂದು ನಂಬುವುದೂ ಬೇಡ. ಪ್ರತಿ ಶಾಲೆಗೂ ಮುಂಚೆ ಹೇಳದೆ ಎರಡು ದಿನ ಹೋಗಿ (ಮುಖ್ಯಗುರುಗಳ ಅನುಮತಿ ಮೊದಲೇ ಪಡೆದಿರಬೇಕು, ದಿನ ಮಾತ್ರ ಹೇಳಬೇಕಿಲ್ಲ), ತರಗತಿಯ ತಲೆ ಎಣಿಸಿ, ಅಂದಿನ ಪುಸ್ತಕದ ಅಂಕಿಯ ಜೊತೆ ತಾಳೆ ನೋಡಿ. ಪುಸ್ತಕದಲ್ಲಿ 38, ಬೆಂಚಿನಲ್ಲಿ 31 ಎಂದಾದರೆ ನಿಮ್ಮ ಅಳತೆಗೋಲಿನಲ್ಲೇ ದೋಷವಿದೆ. ಅದನ್ನು ಮುಚ್ಚಿಡದೆ ವರದಿಯಲ್ಲಿ ಬರೆಯಬೇಕು.

ಇಲ್ಲೇ ಎರಡು ಪದ ಬರುತ್ತವೆ. ಅದೇ ಪುಸ್ತಕವನ್ನು ಇಬ್ಬರು ಬೇರೆಬೇರೆಯಾಗಿ ಎಣಿಸಿ ಒಂದೇ ಅಂಕಿ ತಂದರೆ ಅದು ವಿಶ್ವಾಸಾರ್ಹತೆ. ಆ ಅಂಕಿ ನಿಜವಾಗಿ ಮಗು ಶಾಲೆಯಲ್ಲಿ ಇದ್ದ ದಿನಗಳನ್ನೇ ಹೇಳುತ್ತಿದ್ದರೆ ಅದು ಸಿಂಧುತ್ವ. ಮೊದಲನೆಯದು ಇದ್ದು ಎರಡನೆಯದು ಇಲ್ಲದಿರುವುದು ಸಾಮಾನ್ಯ: ತಪ್ಪು ತೂಗುವ ತಕ್ಕಡಿ ಪ್ರತಿ ಸಲವೂ ಅದೇ ತಪ್ಪನ್ನು ತೂಗುತ್ತದೆ.

ಎಷ್ಟು ಮಂದಿ, ಯಾರು

ಈಗ ಬಂತು ‘ಎಷ್ಟ್ ಮಂದಿ’ಯ ಪಾಳಿ. ಕಲಬುರಗಿಯ ಗಂಜಿನಲ್ಲಿ (ಸಗಟು ಮಾರುಕಟ್ಟೆಯಲ್ಲಿ) ತೊಗರಿ ಕೊಳ್ಳುವವರು ಮೊನಚಾದ ಕೊಳವೆಯನ್ನು ಬೇರೆಬೇರೆ ಚೀಲಗಳಿಗೆ ಚುಚ್ಚಿ ಕಾಳು ತೆಗೆದು ನೋಡುತ್ತಾರೆ. ಮೇಲಿನ ಚೀಲದ ಮೇಲಿನ ಹಿಡಿ ನೋಡಿ ಯಾರೂ ದರ ಕಟ್ಟುವುದಿಲ್ಲ. ಮಾದರಿ ಆಯ್ಕೆಯ ಅರ್ಧ ತತ್ವ ಅಲ್ಲಿದೆ. ಉಳಿದರ್ಧ ಎಂದರೆ ಯಾವ ಚೀಲಕ್ಕೆ ಚುಚ್ಚಬೇಕು ಎಂಬುದನ್ನು ನಮ್ಮ ಕೈ ತೀರ್ಮಾನಿಸಬಾರದು, ಚೀಟಿ ತೀರ್ಮಾನಿಸಬೇಕು.

ಶೇಕಡಾವಾರು ಅಂದಾಜಿಗೆ ಬಳಸುವ ಸೂತ್ರ ಸರಳ: 1.96ರ ವರ್ಗವನ್ನು 0.5 × 0.5ರಿಂದ ಗುಣಿಸಿ, 0.05ರ ವರ್ಗದಿಂದ ಭಾಗಿಸಿ. ಬರುವುದು 384.16. ಎಲ್ಲ ಪ್ರಬಂಧಗಳಲ್ಲೂ ಕಾಣುವ 384ರ ಮೂಲ ಇದೇ. 1.96 ಎನ್ನುವುದು ಶೇ 95ರ ವಿಶ್ವಾಸ ಮಟ್ಟಕ್ಕೆ (ನೂರು ಸಲ ಹೀಗೆ ಆರಿಸಿದರೆ ಸುಮಾರು 95 ಸಲ ಅಂದಾಜು ಮಿತಿಯೊಳಗೆ ಬರುವಷ್ಟು ಭರವಸೆ), 0.05 ಎನ್ನುವುದು ಆಚೆಈಚೆ ಶೇ 5ರ ದೋಷಮಿತಿಗೆ, 0.5 ಎನ್ನುವುದು ಏನೂ ಗೊತ್ತಿಲ್ಲದಾಗ ಹಿಡಿಯುವ ಅತಿ ಕಷ್ಟದ ಸ್ಥಿತಿಗೆ. ಸಮಷ್ಟಿ (ಯಾರ ಬಗ್ಗೆ ತಿಳಿಯಬೇಕೋ ಅವರೆಲ್ಲರೂ) ಚಿಕ್ಕದಿದ್ದರೆ ಈ 384.16ನ್ನು ತಿದ್ದಬೇಕು. ತಿದ್ದಿದಾಗ, 120 ಜನರ ಸಮಷ್ಟಿಗೆ 92 ಬೇಕು, 1,200ಕ್ಕೆ 292, 12,000ಕ್ಕೆ 373, 1,20,000ಕ್ಕೆ 383. ಕೊನೆಯ ಎರಡನ್ನು ಇನ್ನೊಮ್ಮೆ ನೋಡಿ. ಸಮಷ್ಟಿ ಹತ್ತು ಪಟ್ಟು ಬೆಳೆದರೂ ಮಾದರಿ ಹತ್ತೇ ಜನ ಹೆಚ್ಚಾಯಿತು. ‘ಒಟ್ಟು ಜನಸಂಖ್ಯೆಯ ಶೇ 10 ತಗೋಬೇಕು’ ಎಂದು ತರಗತಿಯಲ್ಲಿ ಹೇಳುವ ನಿಯಮಕ್ಕೆ ಆಧಾರವಿಲ್ಲ: 120ಕ್ಕೆ 12 ಏನೇನೂ ಸಾಲದು, 1,20,000ಕ್ಕೆ 12,000 ದುಂದು.

ಆದರೆ ಈ ಸೂತ್ರ ನಡೆಯುವುದು ಪ್ರತಿ ಮಗುವಿನ ಹೆಸರನ್ನೂ ಒಂದೇ ಡಬ್ಬಿಗೆ ಹಾಕಿ ಚೀಟಿ ಎತ್ತಿದಾಗ ಮಾತ್ರ. ಹಾಗೆ ಮಾಡಿದರೆ ತಾಲೂಕಿನ ಪ್ರತಿ ಊರಿಗೂ ಓಡಬೇಕಾಗುತ್ತದೆ. ವಿದ್ಯಾರ್ಥಿಗಳ ಬಸ್ ಪಾಸು, ಸಮಯ ಎರಡಕ್ಕೂ ನಿಲುಕದು. ಆದ್ದರಿಂದ ಮೊದಲು ಶಾಲೆ ಆರಿಸಿ, ಆಮೇಲೆ ಅದರೊಳಗೆ ಮಕ್ಕಳನ್ನು ಆರಿಸುತ್ತೇವೆ. ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಿಂದ ಶಾಲೆಗಳ ಪಟ್ಟಿ ತನ್ನಿ. 60 ಶಾಲೆ ಇವೆ ಎನ್ನೋಣ, ಬೇಕಾದದ್ದು 10. 60ನ್ನು 10ರಿಂದ ಭಾಗಿಸಿದರೆ 6. 1ರಿಂದ 6ರೊಳಗೆ ಒಂದು ಚೀಟಿ ಎತ್ತಿ. 4 ಬಂದರೆ 4, 10, 16, 22 ಹೀಗೆ 58ರವರೆಗೆ. ಪಟ್ಟಿ ಹೋಬಳಿವಾರು ಜೋಡಿಸಿದ್ದರೆ ಎಲ್ಲ ಹೋಬಳಿಗಳಿಂದಲೂ ಶಾಲೆಗಳು ತಾನಾಗಿ ಬರುತ್ತವೆ. ಪ್ರತಿ ಶಾಲೆಯಲ್ಲಿ 20 ಮಕ್ಕಳು, ಒಟ್ಟು 200. ಸಣ್ಣ ಶಾಲೆಯ 40ರಲ್ಲಿ 20, ದೊಡ್ಡ ಶಾಲೆಯ 200ರಲ್ಲಿ 20 ಎಂದಾಗ ಸಣ್ಣ ಶಾಲೆಯ ಮಗುವಿಗೆ ಆಯ್ಕೆಯಾಗುವ ಅವಕಾಶ ಐದು ಪಟ್ಟು ಹೆಚ್ಚು. ಪ್ರತಿ ಶಾಲೆಯ ಒಟ್ಟು ಮಕ್ಕಳ ಸಂಖ್ಯೆಯನ್ನು ಅಂದೇ ಬರೆದುಕೊಂಡು ಬಂದರೆ ತೂಕ ಹಾಕಿ (ದೊಡ್ಡ ಶಾಲೆಯ ಮಗುವಿಗೆ ಲೆಕ್ಕದಲ್ಲಿ ಹೆಚ್ಚು ಬೆಲೆ ಕೊಟ್ಟು) ಇದನ್ನು ಸರಿಪಡಿಸಬಹುದು. ಬರೆದುಕೊಳ್ಳಲು ಮರೆತರೆ ಮತ್ತೆ ಹತ್ತೂ ಶಾಲೆಗೆ ಹೋಗುವುದೇ ಗತಿ.

ಇದಕ್ಕೂ ಒಂದು ಬೆಲೆ ತೆರಬೇಕು. ಒಂದೇ ಶಾಲೆಯ ಮಕ್ಕಳು ಒಂದೇ ಊರಿನವರು, ಒಂದೇ ಮಳೆ, ಒಂದೇ ರಾಶಿಯವರು. ಒಬ್ಬರು ಹೇಳಿದ್ದನ್ನೇ ಇನ್ನೊಬ್ಬರೂ ಅಷ್ಟಿಷ್ಟು ಹೇಳುತ್ತಾರೆ. ಈ ಹೋಲಿಕೆಯ ಪ್ರಮಾಣ 0.05 ಎಂದಿಟ್ಟುಕೊಂಡರೆ, ಒಂದು ಶಾಲೆಗೆ 20 ಮಕ್ಕಳಿದ್ದಾಗ 1 + 19 × 0.05 = 1.95. (19 ಎಂದರೆ 20ರಲ್ಲಿ ಒಂದು ಕಡಿಮೆ.) ಇದೇ ವಿನ್ಯಾಸ ಪರಿಣಾಮ. 200ನ್ನು ಇದರಿಂದ ಭಾಗಿಸಿ: ನಿಮ್ಮ 200 ಮಕ್ಕಳು ಚೀಟಿ ಎತ್ತಿ ಆರಿಸಿದ ಸುಮಾರು 103 ಮಕ್ಕಳಿಗೆ ಸಮ. ಶಾಲೆಗೆ 10ರಂತೆ 20 ಶಾಲೆ ಮಾಡಿದರೆ ಅದು 1.45ಕ್ಕೆ ಇಳಿಯುತ್ತದೆ, 200 ಮಕ್ಕಳು ಸುಮಾರು 138ಕ್ಕೆ ಸಮನಾಗುತ್ತಾರೆ. ಕಾಲಿಗೆ ಕಸುವಿದ್ದರೆ ಮಕ್ಕಳನ್ನು ಹೆಚ್ಚಿಸಬೇಡಿ, ಶಾಲೆಗಳನ್ನು ಹೆಚ್ಚಿಸಿ.

ಗೂಗಲ್ ಫಾರ್ಮ್ ಲಿಂಕನ್ನು ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಾಕಿ ‘384 ಪ್ರತಿಕ್ರಿಯೆ ಬಂದವು’ ಎಂದು ಬರೆಯುವ ರೂಢಿ ಬಂದಿದೆ. ಅಲ್ಲಿ 384 ಎಂಬ ಅಂಕಿಗೆ ಅರ್ಥವೇ ಇಲ್ಲ. ಸೂತ್ರ ಚೀಟಿಯ ಆಯ್ಕೆಗೆ ಸಂಬಂಧಿಸಿದ್ದು. ಫೋನು, ಡೇಟಾ, ಬಿಡುವು ಮೂರೂ ಇದ್ದವರು ತಾವಾಗಿ ಬಂದದ್ದನ್ನು ಅದು ಸರಿಮಾಡಲಾರದು.

‘ಹೌದ್ರಿ’ ಎಂಬ ಉತ್ತರ

ಪ್ರಶ್ನಾವಳಿ ಬರೆಯುವಾಗ ನೆನಪಿಡಬೇಕಾದದ್ದು: ಮನೆಬಾಗಿಲಿಗೆ ಬಂದ ಓದಿದವರಿಗೆ ಇಲ್ಲ ಎನ್ನುವುದು ನಮ್ಮ ಊರುಗಳಲ್ಲಿ ಮರ್ಯಾದೆ ಅಲ್ಲ. ‘ನಿಮ್ಮ ಮಗ ದಿನಾ ಸಾಲಿಗಿ ಹೋಗ್ತಾನೇನ್ರಿ?’ ಎಂದರೆ ‘ಹೌದ್ರಿ’ ಎನ್ನುತ್ತಾರೆ. ‘ಸರ್ಕಾರದ ಯೋಜನೆ ಚಲೋ ಅದಾವೇನ್ರಿ?’ ಎಂದರೂ ‘ಹೌದ್ರಿ’. ಹೌದು, ಇಲ್ಲ ಎಂದು ಮುಗಿಯುವ ಪ್ರಶ್ನೆಗಳನ್ನು ಅಂಕಿ ಬರುವಂತೆ ತಿರುಗಿಸಿ: ‘ಹೋದ ಸೋಮವಾರದಿಂದ ಶನಿವಾರದ ತನಕ ಎಷ್ಟು ದಿನ ಹೋದ?’ ನೆನಪಿನ ಅವಧಿ ಒಂದು ವಾರ ದಾಟಿತೆಂದರೆ ಉತ್ತರ ಸಡಿಲಾಗುತ್ತದೆ. ದೂರದ ದಿನಗಳಿಗೆ ಹಬ್ಬದ ಗುರುತು ಕೊಡಿ: ‘ಎಳ್ಳಮಾವಾಸ್ಯೆ ಮುಂಚೆಯೋ, ಆಮೇಲೋ?’

ಒಂದೇ ವಾಕ್ಯದಲ್ಲಿ ಎರಡು ಪ್ರಶ್ನೆ ಬೇಡ. ‘ಪುಸ್ತಕ ಮತ್ತು ಬಿಸಿಯೂಟ ಸರಿಯಾಗಿ ಸಿಗುತ್ತಿದೆಯೇ?’ ಎಂಬುದಕ್ಕೆ ಬಂದ ‘ಇಲ್ಲ’ ಯಾವುದಕ್ಕೆ? ತಿಂಗಳ ಆದಾಯ ಕೇಳುವುದು ಸಂಬಳದವರಿಗೆ ಸರಿ. ತೊಗರಿ ಮಾರಿದ ಹಣ ವರ್ಷಕ್ಕೊಮ್ಮೆ ಬರುವ ಮನೆಯಲ್ಲಿ ತಿಂಗಳ ಆದಾಯವೆಂಬುದು ಇಲ್ಲ. ಎಷ್ಟು ಎಕರೆ ಉಳುತ್ತೀರಿ, ಒಣಬೇಸಾಯವೋ ನೀರಾವರಿಯೋ, ಈ ಸಲ ಎಷ್ಟು ಕ್ವಿಂಟಲ್ ಮಾರಿದಿರಿ, ಎಷ್ಟು ದಿನ ಕೂಲಿಗೆ ಹೋದಿರಿ ಎಂದು ಬಿಡಿಬಿಡಿಯಾಗಿ ಕೇಳಿ, ಲೆಕ್ಕ ನೀವು ಹಾಕಿಕೊಳ್ಳಿ. ಎಕರೆ, ಗುಂಟೆಗಳಿಗೆ ಎರಡು ಬೇರೆ ಖಾನೆ ಕೊಡಿ. ‘2.20’ ಎಂದು ಬರೆದುಕೊಂಡು ಬಂದದ್ದು 2 ಎಕರೆ 20 ಗುಂಟೆಯಾದರೆ ಕಂಪ್ಯೂಟರಿನಲ್ಲಿ ಅದು 2.5 ಆಗಬೇಕು, 2.2 ಅಲ್ಲ. ವಯಸ್ಸು ಕೇಳಿದರೆ 35, 40, 45 ಎಂದು ದುಂಡನೆಯ ಅಂಕಿಗಳೇ ರಾಶಿ ಬೀಳುತ್ತವೆ. ಅದಕ್ಕೆ ಬೆರಗಾಗಬೇಡಿ, ಐದೈದು ವರ್ಷದ ಗುಂಪು ಮಾಡುವಾಗ ಮಾತ್ರ ಎಚ್ಚರವಿರಲಿ.

‘ಸಂಪೂರ್ಣ ಒಪ್ಪುತ್ತೇನೆ’ಯಿಂದ ‘ಸಂಪೂರ್ಣ ಒಪ್ಪುವುದಿಲ್ಲ’ದವರೆಗಿನ ಐದು ಮೆಟ್ಟಿಲಿನ ಅಳತೆಯನ್ನು ರೆನ್ಸಿಸ್ ಲೈಕರ್ಟ್ 1932ರಲ್ಲಿ ಮುಂದಿಟ್ಟದ್ದು. ಕಾಲೇಜಿನಲ್ಲಿ ನಡೆಯುತ್ತದೆ. ಓದುಬರಹ ಇಲ್ಲದ ಹಿರಿಯರ ಮುಂದೆ ‘ಒಪ್ಪುತ್ತೇನೆ’ಗೂ ‘ಸಂಪೂರ್ಣ ಒಪ್ಪುತ್ತೇನೆ’ಗೂ ಇರುವ ಅಂತರ ಕಾಗದದ ಮೇಲಷ್ಟೇ ಉಳಿಯುತ್ತದೆ. ಅಂಥ ಕಡೆ 10 ತೊಗರಿ ಕಾಳು ಕೈಗಿಟ್ಟು, ‘ಹತ್ತೂ ಅಂದ್ರ ಪೂರಾ ಖರೆ, ಒಂದೂ ಇಲ್ಲಂದ್ರ ಪೂರಾ ಸುಳ್ಳು, ನೀವು ಎಷ್ಟು ಇಡ್ತೀರಿ?’ ಎಂದು ಕೇಳಿದರೆ ಕೆಲಸ ಸಾಗುತ್ತದೆ.

ಭಾಷೆಯ ಮಾತು ನಮ್ಮ ಮೂರು ಜಿಲ್ಲೆಗೆ ವಿಶೇಷ. ಔರಾದ್, ಭಾಲ್ಕಿ ಕಡೆ ಮರಾಠಿ, ಗುರುಮಠಕಲ್, ಸೇಡಂ ಗಡಿಯಲ್ಲಿ ತೆಲುಗು, ಪೇಟೆಗಳಲ್ಲಿ ದಖನಿ ಉರ್ದು, ತಾಂಡಾಗಳಲ್ಲಿ ಲಂಬಾಣಿ. ಪ್ರಶ್ನೆಯನ್ನು ಸ್ಥಳದಲ್ಲೇ ಬಾಯಿಗೆ ಬಂದಂತೆ ತಿರುಗಿಸಿ ಕೇಳಿದರೆ ಒಬ್ಬೊಬ್ಬರಿಗೆ ಒಂದೊಂದು ಪ್ರಶ್ನೆ ಕೇಳಿದಂತಾಗುತ್ತದೆ. ಮೊದಲೇ ಒಬ್ಬರಿಂದ ಅನುವಾದ ಮಾಡಿಸಿ, ಮೂಲ ನೋಡದ ಇನ್ನೊಬ್ಬರಿಂದ ಮರಳಿ ಕನ್ನಡಕ್ಕೆ ತರಿಸಿ. ಎರಡು ಕನ್ನಡಗಳ ನಡುವೆ ಎಲ್ಲಿ ಅರ್ಥ ಜಾರಿತೋ ಅಲ್ಲಿ ಪದ ಬದಲಿಸಿ.

ಆಮೇಲೆ ಆಯ್ಕೆಯಾಗದ ಒಂದು ಶಾಲೆಯ 12–15 ಮನೆಗಳಲ್ಲಿ ಪೂರ್ವಪರೀಕ್ಷೆ. ಭಾರತದಲ್ಲಿ ದೊಡ್ಡ ಮಾದರಿ ಸಮೀಕ್ಷೆಗಳಿಗೆ ದಾರಿ ಹಾಕಿದ ಪಿ.ಸಿ. ಮಹಲನೋಬಿಸ್ ಬಂಗಾಳದ ಸೆಣಬಿನ ಬೆಳೆ ಸಮೀಕ್ಷೆಯನ್ನೂ ಸಣ್ಣ ಪ್ರಯೋಗದಿಂದಲೇ ಶುರುಮಾಡಿ ವರ್ಷದಿಂದ ವರ್ಷಕ್ಕೆ ಹಿಗ್ಗಿಸಿದ್ದರು. ಕಿರುಪ್ರಬಂಧಕ್ಕೆ ಅದರ ಅಗತ್ಯವಿಲ್ಲ ಎನ್ನುವುದು ಸೋಮಾರಿತನ. ಒಂದು ಮನೆಗೆ 20–25 ನಿಮಿಷ ಹಿಡಿದರೆ, ನಡಿಗೆ, ಚಹಾ, ಕಾಯುವುದು ಸೇರಿ ದಿನಕ್ಕೆ 8 ಮನೆ ಆದೀತು. 200 ಮನೆಗೆ 25 ದಿನ. ಹೊಲಕ್ಕೆ ಹೋಗುವ ಮುಂಚೆ ಬೆಳಿಗ್ಗೆ, ಇಲ್ಲವೇ ಸಂಜೆ ಆರರ ಮೇಲೆ ಹೋಗಿ. ನಡು ಮಧ್ಯಾಹ್ನ ಹೋದರೆ ಮನೆಯಲ್ಲಿ ಸಿಗುವವರು ಹೊಲಕ್ಕೆ ಹೋಗದವರು ಮಾತ್ರ, ಅಂದರೆ ನಿಮ್ಮ ಪ್ರಶ್ನೆಯ ಒಂದೇ ಬದಿ. ಮಕ್ಕಳ ವಿಷಯವಾದ್ದರಿಂದ ಶಾಲೆಯ ಅನುಮತಿ, ಪಾಲಕರ ಒಪ್ಪಿಗೆ, ಮಗುವಿನ ಸಮ್ಮತಿ ಮೂರೂ ಬೇಕು. ಆಧಾರ್ ಸಂಖ್ಯೆ ಬರೆದುಕೊಳ್ಳಲು ಕಾರಣವೇ ಇಲ್ಲ.

ಖಾನೆ ತುಂಬುವಾಗ

ಒಂದು ಮಗುವಿಗೆ ಒಂದು ಅಡ್ಡಸಾಲು, ಒಂದು ಚಲಕಕ್ಕೆ ಒಂದು ಕಂಬಸಾಲು. ಹೆಸರಿನ ಬದಲು ಕ್ರಮಸಂಖ್ಯೆ. ಹೆಸರು-ಸಂಖ್ಯೆಯ ಪಟ್ಟಿ ಬೇರೆ ವಹಿಯಲ್ಲಿ, ಬೀಗದೊಳಗೆ. ಸಂಕೇತಗಳನ್ನು ಮೊದಲೇ ಬರೆದಿಡಿ: 1 ಹೌದು, 0 ಇಲ್ಲ. ‘ಗೊತ್ತಿಲ್ಲ’ಕ್ಕೆ 99 ಕೊಡುವ ಹಳೆಯ ರೂಢಿಯಿದೆ. ಅದನ್ನು ತೆಗೆಯದೆ ಸರಾಸರಿ ಹಾಕಿದರೆ ಹೊಲವಿಲ್ಲದವರಿಗೂ 99 ಎಕರೆ ಬಂದುಬಿಡುತ್ತದೆ. ಎಕ್ಸೆಲ್‌ನಲ್ಲಿ ‘10-12’ ಎಂದು ಬಡಿದರೆ ಅದು ತಾರೀಖಾಗಿ ತಿರುಗುತ್ತದೆ. ‘2-3 ಎಕರೆ’ ಎಂಬುದು ಅಂಕಿಯಲ್ಲ, ಅಕ್ಷರ. ಕನ್ನಡ ಅಂಕಿಯಲ್ಲಿ ೧೨ ಎಂದು ತುಂಬಿದರೂ ಅದನ್ನು ಅಕ್ಷರವೆಂದೇ ಹಿಡಿದು ಮೊತ್ತದಿಂದ ಬಿಟ್ಟುಬಿಡಬಹುದು. ಬಿಟ್ಟದ್ದನ್ನು ಹೇಳುವುದೂ ಇಲ್ಲ. 200 ಸಾಲುಗಳಲ್ಲಿ 20ನ್ನಾದರೂ ಮತ್ತೊಬ್ಬರು ಮೂಲ ಹಾಳೆ ನೋಡಿ ಮತ್ತೆ ತುಂಬಲಿ. 20ರಲ್ಲಿ ಎರಡು ಮೂರು ತಪ್ಪು ಸಿಕ್ಕರೆ ಪೂರ್ತಿ 200ನ್ನೂ ಮತ್ತೆ ತುಂಬುವುದು ಲೇಸು.

ಲೆಕ್ಕ

ಮೊದಲು ಸುಮ್ಮನೆ ನೋಡಿ. ಒಂಬತ್ತು ಮನೆಗಳ ಹೊಲ 2, 2, 3, 3, 3, 4, 4, 5, 46 ಎಕರೆ ಎಂದಿದ್ದರೆ ಸರಾಸರಿ 8. ಒಬ್ಬರನ್ನು ಬಿಟ್ಟು ಎಲ್ಲರೂ ಸರಾಸರಿಗಿಂತ ಕೆಳಗೆ! ಮಧ್ಯಾಂಕ (ಸಾಲಾಗಿ ಜೋಡಿಸಿದಾಗ ನಟ್ಟನಡುವಿನ ಅಂಕಿ) 3 ಹೆಚ್ಚು ಖರೆ ಹೇಳುತ್ತದೆ. ಹೊಲ, ಆದಾಯ, ಸಾಲ ಇವುಗಳಿಗೆ ಎರಡನ್ನೂ ಕೊಡಿ.

ಈಗ ಮುಖ್ಯ ಪ್ರಶ್ನೆ. 200 ಮಕ್ಕಳ ವಿವರವೂ ಸಿಕ್ಕಿತೆಂದು ಇಟ್ಟುಕೊಳ್ಳೋಣ (ಸಿಗುವುದಿಲ್ಲ, ಆ ಮಾತು ಕೊನೆಗೆ). ತೊಗರಿ ಕೆಲಸದ ಮನೆಯವರು 110, ಉಳಿದವರು 90. 8 ದಿನಕ್ಕಿಂತ ಹೆಚ್ಚು ತಪ್ಪಿಸಿದವರು ಮೊದಲ ಗುಂಪಿನಲ್ಲಿ 44, ಅಂದರೆ ಶೇ 40. ಎರಡನೆಯದರಲ್ಲಿ 18, ಶೇ 20. ಒಟ್ಟು 200ರಲ್ಲಿ 62, ಅಂದರೆ ಶೇ 31. ವ್ಯತ್ಯಾಸವೇ ಇಲ್ಲದಿದ್ದರೆ ಮೊದಲ ಗುಂಪಿನಲ್ಲಿ 110ರ ಶೇ 31, ಅಂದರೆ 34.1 ಮಕ್ಕಳು ಇರಬೇಕಿತ್ತು, ಇರುವುದು 44. ಅಂತರ 9.9. ನಾಲ್ಕೂ ಖಾನೆಗಳಲ್ಲಿ ಅಂತರ ಅಷ್ಟೇ. ಅದರ ವರ್ಗ 98.01ನ್ನು ನಿರೀಕ್ಷಿತ ಸಂಖ್ಯೆಗಳಾದ 34.1, 27.9, 75.9, 62.1ರಿಂದ ಒಂದೊಂದಾಗಿ ಭಾಗಿಸಿ ಕೂಡಿದರೆ 9.26. ಇದು ಕೈ-ವರ್ಗ, ಕಾರ್ಲ್ ಪಿಯರ್ಸನ್ 1900ರಲ್ಲಿ ಕೊಟ್ಟ ಪರೀಕ್ಷೆ. ಎರಡು ಸಾಲು, ಎರಡು ಕಂಬದ ಕೋಷ್ಟಕದಲ್ಲಿ ಅಂತರ ಬರೀ ಆಕಸ್ಮಿಕವಲ್ಲ ಎನ್ನಲು ದಾಟಬೇಕಾದ ಗಡಿ 3.84. ನಮ್ಮದು ಅದನ್ನು ದಾಟಿದೆ, ಪಿ-ಮೌಲ್ಯ ಸುಮಾರು 0.002. ಒಂದು ಸಲವಾದರೂ ಇದನ್ನು ಕಾಗದದ ಮೇಲೆ ಕೈಯಾರೆ ಮಾಡಿ. ಆಮೇಲೆ ಯಾವ ಸಾಫ್ಟ್‌ವೇರ್ ಆದರೂ ಸರಿ. ಜಾಮೋವಿ, ಆರ್ ಇವೆರಡಕ್ಕೂ ದುಡ್ಡು ಕೊಡಬೇಕಿಲ್ಲ.

ಪಿ-ಮೌಲ್ಯ 0.002 ಎಂದರೆ ‘ಪ್ರಾಕ್ಕಲ್ಪನೆ ಶೇ 99.8 ಸರಿ’ ಎಂದಲ್ಲ. ನಿಜಕ್ಕೂ ವ್ಯತ್ಯಾಸವಿಲ್ಲದ ತಾಲೂಕಿನಲ್ಲಿ ಇದೇ ರೀತಿ ಸಾವಿರ ಸಲ ಚೀಟಿ ಎತ್ತಿದ್ದರೆ, ಇಷ್ಟು ಅಥವಾ ಇದಕ್ಕಿಂತ ದೊಡ್ಡ ಅಂತರ ಸುಮಾರು ಎರಡು ಸಲ ಆಕಸ್ಮಿಕವಾಗಿ ಕಾಣಿಸುತ್ತಿತ್ತು ಎಂದಷ್ಟೇ. 3.84ರ ಗಡಿಯ ಹಿಂದಿರುವ 0.05ರ ಗೆರೆ ಆರ್.ಎ. ಫಿಶರ್ 1925ರಲ್ಲಿ ಅನುಕೂಲಕ್ಕೆಂದು ಸೂಚಿಸಿದ್ದು. 0.049 ಬಂದರೆ ಕುಣಿಯುವುದು, 0.051 ಬಂದರೆ ಅಳುವುದು ಎರಡೂ ಬೇಕಿಲ್ಲ.

ಓದುಗರಿಗೆ ಬೇಕಾದದ್ದು ಅಂತರದ ಗಾತ್ರ: 20 ಶೇಕಡಾ ಅಂಶ. ಅದರ ಶೇ 95ರ ವಿಶ್ವಾಸಾಂತರ (ನಿಜವಾದ ಅಂತರ ಇರಬಹುದಾದ ವ್ಯಾಪ್ತಿ) 7.7ರಿಂದ 32.3. ಇಲ್ಲಿ ಹಿಂದಿನ 1.95 ಮತ್ತೆ ಎದುರಾಗುತ್ತದೆ. ಶಾಲೆಗಳ ಗುಂಪಿನಿಂದ ಆರಿಸಿದ್ದನ್ನು ಒರಟಾಗಿ ಲೆಕ್ಕಕ್ಕೆ ತಂದರೆ ಕೈ-ವರ್ಗ 9.26ರಿಂದ 4.75ಕ್ಕೆ ಇಳಿಯುತ್ತದೆ, ವಿಶ್ವಾಸಾಂತರ 2.8ರಿಂದ 37.2ರವರೆಗೆ ಹಿಗ್ಗುತ್ತದೆ. ಗಡಿ ಇನ್ನೂ ದಾಟಿದೆ, ಆದರೆ ಮೊದಲಿನ ಠೀವಿ ಉಳಿದಿಲ್ಲ. 8 ದಿನದ ಮಿತಿಯನ್ನು ಅಂಕಿ ನೋಡಿದ ಮೇಲೆ ಆರಿಸಿದ್ದರಂತೂ ಇಷ್ಟೂ ಲೆಕ್ಕ ನಗೆಪಾಟಲು.

ಇಷ್ಟಾದರೂ ‘ರಾಶಿಯಿಂದಾಗಿ ಶಾಲೆ ತಪ್ಪಿತು’ ಎನ್ನಲು ಬರುವುದಿಲ್ಲ. ತೊಗರಿ ಕೆಲಸದ ಮನೆಯ ಮಕ್ಕಳು ವರ್ಷವಿಡೀ ಹೆಚ್ಚು ತಪ್ಪಿಸುವವರೇ ಆಗಿರಬಹುದು: ಶಾಲೆ ದೂರ, ಮನೆಯಲ್ಲಿ ಚಿಕ್ಕ ತಮ್ಮತಂಗಿಯರನ್ನು ನೋಡಿಕೊಳ್ಳುವವರಿಲ್ಲ. ಅದೇ ಮಕ್ಕಳ ಬೇರೆ ತಿಂಗಳ ಹಾಜರಿಯನ್ನೂ ತೆಗೆದು ಹೋಲಿಸಬೇಕು. ಯಾವ ತಿಂಗಳು? ಆಗಸ್ಟ್ ಕೊನೆ, ಸೆಪ್ಟೆಂಬರ್‌ನಲ್ಲಿ ಹೆಸರುಕಾಳು, ಉದ್ದಿನ ರಾಶಿ. ಅಕ್ಟೋಬರ್ ದಸರಾ ರಜೆ. ಜುಲೈನಲ್ಲಿ ಕಳೆ. ಯಾದಗಿರಿ, ಶಹಾಪುರ ಕಡೆ ಹೋದರೆ ನವೆಂಬರ್‌ನಲ್ಲಿ ಹತ್ತಿ ಬಿಡಿಸುವ ಕೆಲಸ. ಯಾವ ತಿಂಗಳೂ ಪೂರಾ ಶುದ್ಧವಲ್ಲ; ಒಂದನ್ನು ಆರಿಸಿ ಕಾರಣ ಬರೆಯಿರಿ. ಹಾಗೆಯೇ ಎಳ್ಳಮಾವಾಸ್ಯೆಯ ಆಚೆಈಚೆ ಭಜ್ಜಿ, ಕಡುಬು, ಚರಗ ಎಂದು ಹೊಲ ಇದ್ದವರು, ಇಲ್ಲದವರು ಎಲ್ಲರ ಮಕ್ಕಳೂ ಹೊಲದಲ್ಲೇ. ಆ ಎರಡು ಮೂರು ದಿನ ತೆಗೆದು ಒಮ್ಮೆ, ಇಟ್ಟುಕೊಂಡು ಒಮ್ಮೆ ಲೆಕ್ಕ ಹಾಕಿ ಎರಡನ್ನೂ ತೋರಿಸಿ.

ಪೀಠಿಕೆಗೆಂದು ಜನಗಣತಿಯ ಅಂಕಿ ತೆಗೆಯುವಾಗಲೂ ಜೋಕೆ. 2001ರಲ್ಲಿ ಗುಲಬರ್ಗಾ ಜಿಲ್ಲೆಯ ಜನಸಂಖ್ಯೆ 31 ಲಕ್ಷಕ್ಕೂ ಮೇಲೆ, 2011ರಲ್ಲಿ 25.66 ಲಕ್ಷ. ‘ವಲಸೆಯಿಂದ ಜನಸಂಖ್ಯೆ ಕುಸಿದಿದೆ’ ಎಂದು ಬರೆದುಬಿಟ್ಟೀರಿ! ನಡುವೆ ಯಾದಗಿರಿ ಬೇರೆ ಜಿಲ್ಲೆಯಾಯಿತು, ಅದರ 11.74 ಲಕ್ಷ ಕೂಡಿದರೆ 37.4 ಲಕ್ಷ. 2011ರ ಸಾಕ್ಷರತೆ ಬೀದರ್ ಶೇ 70.51, ಕಲಬುರಗಿ 64.85, ಯಾದಗಿರಿ 51.83. ಇವೆಲ್ಲ 7 ವರ್ಷ ಮತ್ತು ಮೇಲಿನವರ ಲೆಕ್ಕ. ಒಟ್ಟು ಜನಸಂಖ್ಯೆಯಿಂದ ನೀವೇ ಭಾಗಿಸಿ ನೋಡಿದರೆ ಬೇರೆ ಅಂಕಿ ಬರುತ್ತದೆ, ತಪ್ಪು ಜನಗಣತಿಯದ್ದಲ್ಲ.

ಬೀಗ ಹಾಕಿದ ಮನೆ

ಚೀಟಿಯಲ್ಲಿ ಬಂದ ಮಗುವಿನ ಮನೆಗೆ ಹೋದರೆ ಬೀಗ. ‘ಮುಂಬೈಕ್ ಹೋಗ್ಯಾರ್ರಿ, ಪುಣೆಕ್ ಹೋಗ್ಯಾರ್ರಿ’ ಎನ್ನುತ್ತಾರೆ ನೆರೆಯವರು. ಆಗ ಪಕ್ಕದ ಮನೆಯ ಮಗುವನ್ನು ಹಾಕಿಕೊಂಡು 200 ಭರ್ತಿ ಮಾಡುವುದು ಎಲ್ಲರೂ ಮಾಡುವ ತಪ್ಪು. ಗುಳೆ ಹೋದ ಮನೆಯ ಮಗುವೇ ಹೆಚ್ಚು ದಿನ ತಪ್ಪಿಸಿದ್ದು. ಅದನ್ನು ಬಿಟ್ಟು ಊರಲ್ಲೇ ಉಳಿದ ಮಗುವನ್ನು ಸೇರಿಸಿದರೆ ಗೈರುಹಾಜರಿ ಕಾಗದದ ಮೇಲೆ ಕಡಿಮೆಯಾಗುತ್ತದೆ. ಎರಡು ಮೂರು ಸಲ ಬೇರೆಬೇರೆ ಹೊತ್ತಿನಲ್ಲಿ ಹೋಗಿ. ಸಿಗದಿದ್ದರೆ ಸಿಗಲಿಲ್ಲವೆಂದೇ ಬರೆಯಿರಿ: ಆರಿಸಿದ್ದು 200, ಸಿಕ್ಕವರು 176, ಗುಳೆ 15, ಟಿಸಿ ಒಯ್ದವರು 6, ಒಲ್ಲೆ ಎಂದವರು 3. ಆ 15 ಮಕ್ಕಳ ಮನೆಯ ವಿವರ ಇಲ್ಲದಿದ್ದರೂ ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲಿ ಇದ್ದೇ ಇರುತ್ತದೆ, ತಿಂಗಳುದ್ದಕ್ಕೂ ಗೈರಿನ ಗುರುತುಗಳೊಂದಿಗೆ. ಆ ಸಾಲುಗಳನ್ನು ನಕಲು ಮಾಡಿಕೊಂಡು ಬಂದು, ಮುಖ್ಯ ಕೋಷ್ಟಕದ ಕೆಳಗೆ ‘ಭೇಟಿಯಾಗದವರು’ ಎಂಬ ಬೇರೆ ಸಾಲಿನಲ್ಲಿ ಅವರ ಸರಾಸರಿ ಗೈರು ದಿನಗಳನ್ನು ಹಾಕಿ.